ಸಿಡುಕ ಮತ್ತು ಭಾವನ ಲೈಬ್ರರಿ

ಎಲೆಕ್ಟ್ರಾನಿಕ್ ತಕ್ಕಡಿ ಮಾಡುವ ಅಂಗಡಿಯಲ್ಲಿ ಅಕ್ಕತಂಗಿಯರ ಗಂಡಂದಿರಿಬ್ಬರು ಒಂದೇ ಮೇಜಿನ ಎರಡು ತುದಿಗೆ ಕೂರುತ್ತಿದ್ದರು. ಆ ಷಡ್ಡಕರ ನಡುವಿನ ಉರಿಯ ಮೇಲೆ ಪಾತ್ರೆ ಇಟ್ಟಿದ್ದರೆ ಇಡೀ ಬೀದಿಗೆ ಅಡುಗೆಯಾಗುತ್ತಿತ್ತು. ತಕ್ಕಡಿಯಿಂದ ತೂಕ ಓದುವ ಲೈಬ್ರರಿಯನ್ನು, ಅಂದರೆ ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಕೋಡಿನ ಫೈಲನ್ನು, ಹಿರಿಯವನು ಸಿ ಭಾಷೆಯಲ್ಲಿ ಬರೆಯುತ್ತಿದ್ದ. ಅದನ್ನು ಬಳಸಿ ಬಿಲ್ ಹಾಕುವ ಪ್ರೋಗ್ರಾಮನ್ನು ಕಿರಿಯವನು, ಎಲ್ಲರ ಬಾಯಲ್ಲಿ 'ಸಿಡುಕ', 'ನಿಮ್' ಎಂಬ ಇನ್ನೊಂದು ಕಂಪ್ಯೂಟರ್ ಭಾಷೆಯಲ್ಲಿ ಬರೆಯುತ್ತಿದ್ದ.

ಅಂದು ಗಿರಣಿ ಮಾಲೀಕ ಬಂದು ಬಾಗಿಲಲ್ಲೇ ನಿಂತ. ಸಂಜೆಯೊಳಗೆ ನಾನು ಹೇಳಿಟ್ಟ ತಕ್ಕಡಿ ನಡೆಯದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳುತ್ತೇನೆ ಎಂದ. ಸಿಡುಕನ ಪ್ರೋಗ್ರಾಮ್ ಕಂಪೈಲೇನೋ ಆಯಿತು. ಓಡಿಸಿದರೆ ಮಾತ್ರ, ತೂಕ ಓದುವ ಹೊಸ ಫಂಕ್ಷನ್ನೇ ಲೈಬ್ರರಿಯಲ್ಲಿಲ್ಲ ಎಂದು ಹೇಳಿ ನಿಂತುಬಿಟ್ಟಿತು.

"ಏನ್ ಭಾವ, ಲೈಬ್ರರಿ ಕೊಟ್ರೋ, ಖಾಲಿ ಡಬ್ಬ ಕೊಟ್ರೋ?"

"ನಾ ಕೊಟ್ಟ ಹೊಸ ಲೈಬ್ರರಿಲಿ ಫಂಕ್ಷನ್ ಇದೆಯಲ್ಲಯ್ಯಾ. ನಿನ್ನ ಪ್ರೋಗ್ರಾಮಿಗೆ ಕಣ್ಣು ಕಾಣಲ್ವೇನೋ!"

ಸಿಡುಕ ಹಲ್ಲು ಕಡಿದ ಸದ್ದಿಗೆ ಮಾಲೀಕ ತನ್ನ ಗಿರಣಿಯೇ ಶುರುವಾಯಿತೆಂದುಕೊಂಡ. ಕೊನೆಗೆ ಸಿಡುಕ, ಪ್ರೋಗ್ರಾಮ್ ನಿಜವಾಗಿ ಯಾವ ಫೈಲ್ ತೆರೆಯುತ್ತಿದೆ ಎಂದು ಹುಡುಕಿದ. ಅದು ಹಳೆಯ ಲೈಬ್ರರಿ! ಭಾವನ ಹೊಸ ಕೆಲಸವನ್ನು ನಂಬದೆ, ಹಳೆಯದರ ಒಂದು ಪ್ರತಿಯನ್ನು ತಾನೇ ಪ್ರೋಗ್ರಾಮಿನ ಫೋಲ್ಡರಿನಲ್ಲಿ ಇಟ್ಟುಕೊಂಡಿದ್ದ. ಹೊಸದು ಬೇರೆ ಕಡೆ ಇದ್ದರೂ ಪ್ರೋಗ್ರಾಮ್ ಮೊದಲು ಕೈಗೆ ಸಿಕ್ಕಿದ್ದನ್ನೇ ಎತ್ತಿಕೊಳ್ಳುತ್ತಿತ್ತು.

ಒಪ್ಪಿಕೊಂಡರೆ ಭಾವ ಏಳು ಜನ್ಮ ಆಡಿಕೊಳ್ಳುತ್ತಾನೆ. ಸಿಡುಕ ಪರದೆಯನ್ನು ತನ್ನತ್ತ ತಿರುಗಿಸಿಕೊಂಡು ಸದ್ದಿಲ್ಲದೆ ಹಳೆಯ ಪ್ರತಿಯನ್ನು ಅಳಿಸಿದ. ಆಮೇಲೆ ಮಾಲೀಕನನ್ನೇ ತಕ್ಕಡಿಯ ಮೇಲೆ ಹತ್ತಿಸಿದ. ತೂಕ ಬಂತು, ಬಿಲ್ಲೂ ಬಂತು.

"ನೋಡಿ ಭಾವ, ನಿಮ್ಮ ಲೈಬ್ರರಿ ಸರಿಹೋಯ್ತು."

"ನಾನದನ್ನ ಮುಟ್ಟೇ ಇಲ್ಲವಲ್ಲೋ!"

"ಅದಕ್ಕೇ ಸರಿಹೋಗಿದ್ದು," ಎಂದ ಸಿಡುಕ.