ಹೊಸ ಕೋಟಿನ ಮೇಲೆ ಹಳೆಯ ಕೊಳೆ

ಆಗಷ್ಟೇ ಬೆಳಕು ಹರಿದಿದೆ. ಸಿನಿಮಾ ಸ್ಟುಡಿಯೋ ಹಿಂದಿನ ತಗಡಿನ ಶೆಡ್ಡಿನಲ್ಲಿ ಹೆಂಗಸೊಬ್ಬರು ಹೊಚ್ಚಹೊಸ ಕೋಟನ್ನು ನೆಲಕ್ಕೆ ಕೆಡವಿ ಬಡಗಿಯ ಉಪ್ಪುಕಾಗದದಿಂದ ತಿಕ್ಕುತ್ತಿದ್ದಾರೆ. ಮೊಣಕೈ ಸವೆಯುತ್ತದೆ, ಕಾಲರಿನ ಅಂಚು ನೂಲು ಬಿಡುತ್ತದೆ. ಆಮೇಲೆ ಚಹಾದ ಚರಟ, ಇಟ್ಟಿಗೆ ಪುಡಿ, ಬೂದಿ. "ಅಯ್ಯೋ, ಹೊಸ ಕೋಟಲ್ವಾ!" ಎನ್ನುತ್ತೇನೆ ನಾನು. "ಹೊಸ ಬಟ್ಟೆಗೆ ಸೊಕ್ಕು ಜಾಸ್ತಿ ಕಣ್ರೀ. ಮೊದಲು ಅದನ್ನ ಇಳಿಸ್ಬೇಕು," ಎನ್ನುತ್ತಾರೆ.

ಸ್ಟುಡಿಯೋದಲ್ಲಿ ಎಲ್ಲರಿಗೂ ಇವರು ಕೊಳೆಯಕ್ಕ. ನೀರು ಬತ್ತಿದ ಮುಂದಿನ ಕಾಲದ ನಗರದಲ್ಲಿ ಜನ ಯಂತ್ರಗಳ ವಿರುದ್ಧ ದಂಗೆಯೇಳುವ ಆ ಸಾಹಸಚಿತ್ರಕ್ಕೆ ನೀವೂ ಸಿಳ್ಳೆ ಹೊಡೆದಿರಬಹುದು. ಅದರಲ್ಲಿ ಹುಟ್ಟಿದಾಗಿನಿಂದ ಸ್ನಾನ ಕಾಣದ ದಂಗೆಕೋರರ ಮೈಮೇಲಿನ ಕೊಳೆ ಇವರ ಕೈಚಳಕ.

ಇವರ ತಾಯಿಯೋ, ಬದುಕಿಡೀ ಆಸ್ಪತ್ರೆಯ ಬಟ್ಟೆ ಒಗೆದು ಮಗಳನ್ನು ಸಾಕಿದವರು. ಕಲೆ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಮಗಳ ಕೆಲಸ ಅವರಿಗೆ ನುಂಗಲಾರದ ತುತ್ತು. "ಮಗಳು ಏನ್ಮಾಡ್ತಾಳೆ ಅಂತ ಯಾರಾದ್ರೂ ಕೇಳಿದ್ರೆ, ಹೊಲಿಗೆ ಅಂದ್ಬಿಡೋಳು ಅಮ್ಮ. ಊರೆಲ್ಲ ಹೊಗಳಿದ್ರೂ ನನಗೆ ಬೇಕಿದ್ದದ್ದು ಅವಳ ಒಂದು ಶಹಭಾಸ್," ಎಂದು ಕೊಳೆಯಕ್ಕ ನಗುತ್ತಾರೆ. ಆ ನಗೆಯಲ್ಲಿ ನೋವು ಇನ್ನೂ ಇದೆ.

ಕಡೆಯ ಕಾಳಗದ ಚಿತ್ರೀಕರಣದ ಹಿಂದಿನ ದಿನ ಅಮ್ಮ ಶೆಡ್ಡಿಗೆ ಬಂದಿದ್ದರು. ಮಗಳು ಸೆಟ್ಟಿಗೆ ಹೋಗಿ ಸಂಜೆ ಬರುವಷ್ಟರಲ್ಲಿ ದಂಗೆಕೋರರ ಅಷ್ಟೂ ಬಟ್ಟೆ ಒಗೆದು, ಒಣಗಿಸಿ, ಗರಿಗರಿ ಇಸ್ತ್ರಿ ಹಾಕಿ ಸಾಲಾಗಿ ಜೋಡಿಸಿದ್ದರು! "ಶೂಟಿಂಗ್ ಮುಗಿದ ಬಟ್ಟೆ ಅಂದ್ಕೊಂಡೆ. ಪಾಪ, ಒಬ್ಬಳೇ ಎಷ್ಟಂತ ಒಗೀತೀಯ..." ಎಂದರಂತೆ, ಬೆವರೊರೆಸಿಕೊಳ್ಳುತ್ತ. ಹನಿ ನೀರಿಲ್ಲದ ನಗರಕ್ಕೆ ಇಸ್ತ್ರಿ ಬಟ್ಟೆ! ಮೂರು ವಾರದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಮರುದಿನ ಬೆಳಗ್ಗೆಯೇ ಸೆಟ್ಟಿನ ಕೋಟೆಗೋಡೆ ಸಿಡಿಸುವ ದೃಶ್ಯ. ಇದ್ದದ್ದು ಒಂದೇ ಗೋಡೆ, ಮತ್ತೊಮ್ಮೆ ಸಿಡಿಸುವಂತಿರಲಿಲ್ಲ.

"ನಾಳೆಗೇ ಆ ಕೊಳೆ ಬೇಕಿತ್ತು ಅಂತ ನಾನು ಕೂತು ಅತ್ತುಬಿಟ್ಟೆ. ಅಮ್ಮನೇ ಸೆರಗು ಕಟ್ಟಿ ಎದ್ಲು. 'ಏಳೇ. ಇಷ್ಟು ವರ್ಷ ಕೊಳೆ ತೆಗೆದ ಕೈಗೆ ಅದು ಎಲ್ಲಿ ಕೂರುತ್ತೆ ಅಂತ ಗೊತ್ತಿಲ್ವಾ?' ಅಂದ್ಲು."

ಬೆಳಗಾಗುತ್ತಲೇ ದಂಗೆಕೋರರೆಲ್ಲ ಅದೇ ಬಟ್ಟೆ ತೊಟ್ಟು ಇಟ್ಟಿಗೆ ಹೊತ್ತರು, ದೂಳಿನಲ್ಲಿ ತೆವಳಿದರು. ಮಗಳು ಚರಟ ಚಿಮುಕಿಸಿ ಇಟ್ಟಿಗೆ ಪುಡಿ ತಿಕ್ಕುತ್ತ ಓಡಾಡಿದರೆ, ಒದ್ದೆ ಬೂದಿಯ ಬಕೆಟ್ ಹಿಡಿದ ಅಮ್ಮನೇ ಸೇನಾಪತಿ. ಕಾಲರಿಗೊಂದು ಹಿಡಿ, ಮೊಣಕಾಲಿಗೊಂದು, ತೋಳಿನಲ್ಲಿ ಮೂಗೊರೆಸುವ ಜಾಗಕ್ಕೆ ಮತ್ತೊಂದು. ನಾಯಕನಟನನ್ನೂ ಬಿಡಲಿಲ್ಲ. "ಬಗ್ಗಪ್ಪ, ಬೆನ್ನು ತೋರ್ಸು." ಅವನು ತೆಪ್ಪಗೆ ಬಗ್ಗಿದ, ಬೆನ್ನ ಮೇಲೆ ಅಮ್ಮನ ಬೂದಿಗೈ ಬಿತ್ತು. ಕ್ಯಾಮೆರಾದಲ್ಲಿ ನೋಡಿದ ನಿರ್ದೇಶಕರು, ಮೊದಲಿನದಕ್ಕಿಂತ ಇದೇ ವಾಸಿ ಎಂದು ಕುಣಿದೇಬಿಟ್ಟರು. ಹೇಳಿದ ಹೊತ್ತಿಗೆ ಸರಿಯಾಗಿ ಗೋಡೆ ಸಿಡಿಯಿತು.

ಬಿಡುಗಡೆಯ ದಿನ ತಾಯಿ ಮಗಳು ಒಟ್ಟಿಗೆ ಸಿನಿಮಾಗೆ ಹೋದರು. ಹೊಗೆ ಸೀಳಿಕೊಂಡು ದಂಗೆಕೋರರು ನುಗ್ಗಿದಾಗ ಚಿತ್ರಮಂದಿರವೇ ಹುಚ್ಚೆದ್ದಿತು. ಅಮ್ಮ ಪಕ್ಕದ ಸೀಟಿನ ಅಪರಿಚಿತನ ತೋಳು ಹಿಡಿದೆಳೆದು ಪರದೆಯತ್ತ ಬೆರಳು ಮಾಡಿದರು.

"ನೋಡಪ್ಪ, ಆ ಹೀರೋ ಬೆನ್ನಿನ ಮೇಲಿರೋದು ಮಾತ್ರ ನಂದು. ಮಿಕ್ಕ ಕೊಳೆಯೆಲ್ಲ ನನ್ನ ಮಗಳದ್ದು. ಅವಳ ಕೆಲಸವೇ ಅದು!"