ದೇಸಾಯರ ಬಿಸಿಲಿಗೊಂದು ಮರ

ನನಗೆ ಚಿತ್ರಕಲೆಯ ಗಂಧಗಾಳಿಯಿಲ್ಲ. ಈ ಅರ್ಹತೆಯ ಮೇಲೆಯೇ ನಾಗಪುರದ ನಮ್ಮ ಕನ್ನಡ ಸಂಘದವರು ನನ್ನನ್ನು ಕಲಾ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದರು. ಹಿಂದೊಮ್ಮೆ ಸಂಘದ ನಾಟಕದಲ್ಲಿ ಪರದೆ ಎಳೆದಿದ್ದೆ, ನಿಜ. ಅಷ್ಟು ಅನುಭವ ಧಾರಾಳವಾಯಿತು.

ಸಮಿತಿಯ ಪಾಲಿಗಿದ್ದ ಕಲಾವಿದರು ಒಬ್ಬರೇ, ಧಾರವಾಡದ ದೇಸಾಯರು. ವಾರವೆಲ್ಲ ರೈಲ್ವೆ ಕಚೇರಿಯಲ್ಲಿ ಸೇತುವೆಗಳ ನಕ್ಷೆ ತೆಗೆಯುವುದು, ಭಾನುವಾರ ಸೈಕಲ್ಲಿಗೆ ಬಣ್ಣದ ಪೆಟ್ಟಿಗೆ ಕಟ್ಟಿಕೊಂಡು ಅಂಬಾಝರಿ ಕೆರೆಗೆ ಹೋಗಿ ನಿಸರ್ಗಚಿತ್ರ ಬರೆಯುವುದು. ಅವರ ಸಾಧನೆ ಸಾಮಾನ್ಯದ್ದಲ್ಲ. ವರ್ಗವಾಗಿ ಬಂದ ಕನ್ನಡದವರ ಮನೆಗಳಲ್ಲಿ ಅವರ ಚಿತ್ರವಿಲ್ಲದ ಗೋಡೆಯೇ ಇರಲಿಲ್ಲ. ಆದರೆ ಆ ಗೋಡೆಗಳ ಮೇಲೆ ನಾಗಪುರವೂ ಇರಲಿಲ್ಲ. ಚಿತ್ರ ಕೇಳಿದವರೆಲ್ಲ ಜೊತೆಗೆ ತಮ್ಮ ಊರಿನ ಮರವನ್ನೂ ಕೇಳುತ್ತಿದ್ದರು.

ನಮ್ಮ ಪಕ್ಕದ ಮನೆಯ ಮೈಸೂರಿನ ಶಾರದಮ್ಮ, "ಕೆರೆ ಚೆನ್ನಾಗಿದೆ ದೇಸಾಯ್ರೇ, ದಡದಲ್ಲಿ ನಾಲ್ಕು ತೆಂಗಿನಮರ ಹಾಕಿಬಿಡಿ" ಎಂದರು. ಹಾಕಿದರು. ಮಂಗಳೂರಿನ ಬ್ಯಾಂಕಿನವರೊಬ್ಬರಿಗೆ ಹಲಸು, ಹುಬ್ಬಳ್ಳಿಯವರಿಗೆ ಹುಣಸೆ. ಕನ್ನಡ ನಾಡು ಒಂದಾಗಲೆಂದು ನಾಯಕರು ದೆಹಲಿಗೆ ಅಲೆಯುತ್ತಿದ್ದ ಕಾಲ ಅದು; ದೇಸಾಯರು ಆ ಕೆಲಸವನ್ನು ಅಂಬಾಝರಿಯ ದಡದಲ್ಲಿ ಆಗಲೇ ಮುಗಿಸಿಬಿಟ್ಟಿದ್ದರು. ಸಾಲುಮರ ನೆಡಿಸಿದ ಅರಸರಿಗೆ ಚರಿತ್ರೆಯಲ್ಲಿ ಒಂದು ಪುಟ ಸಿಗುತ್ತದೆ. ದೇಸಾಯರಿಗೆ ಚಹಾ ಸಿಗುತ್ತಿತ್ತು.

ಆ ವರ್ಷ ಸಂಘದ ಸಮಾರಂಭಕ್ಕೆ ಸಿವಿಲ್ ಲೈನ್ಸಿನ ದೊಡ್ಡ ಸಾಹೇಬರೊಬ್ಬರು ಅತಿಥಿ. ಅವರಿಗೆ ಕೊಡಲು ಚಿತ್ರವೊಂದನ್ನು ಆರಿಸಲು ನಾನು ದೇಸಾಯರ ಮನೆಗೆ ಹೋದೆ. ಈ ಸಲ ಅವರು ಯಾರನ್ನೂ ಕೇಳದೆ ಬರೆದಿದ್ದರು. ಮೇ ತಿಂಗಳ ಮಧ್ಯಾಹ್ನದ ಕಾಮಠಿ ರಸ್ತೆ. ಬಿಳಿಚಿಕೊಂಡ ಆಕಾಶ, ಒಂದು ನರಪಿಳ್ಳೆಯಿಲ್ಲ, ಬರೀ ಬಿಸಿಲು. ಮನೆಯೊಳಗೇ ನಿಂತಿದ್ದರೂ ನಾನು ಕಣ್ಣು ಕಿರಿದು ಮಾಡಿಕೊಂಡೆ.

"ಹದಿನಾಲ್ಕು ವರ್ಷದಾಗ ಇದೊಂದ ನಂದು ಅನಿಸೇತಿ ನೋಡ್ರಿ," ಎಂದರು ದೇಸಾಯರು.

ಒಳ್ಳೆಯ ಚಿತ್ರವೆಂದು ನನ್ನಂಥ ದಡ್ಡನಿಗೂ ತಿಳಿಯಿತು. ಆದರೆ ಅಧ್ಯಕ್ಷನಾದವನಿಗೆ ತಿಳಿದರೆ ಸಾಲದು, ಏನಾದರೂ ಹೇಳಬೇಕಲ್ಲ! "ಸಾಹೇಬರಿಗೆ ಕೊಡೋದು. ಮೂಲೆಯಲ್ಲಿ ಒಂದು ಮರ ಇದ್ದಿದ್ರೆ ಕಣ್ಣಿಗೆ ತಂಪಾಗಿರ್ತಿತ್ತು," ಎಂದುಬಿಟ್ಟೆ.

ದೇಸಾಯರು ವಾದ ಮಾಡಲಿಲ್ಲ. ಹದಿನಾಲ್ಕು ವರ್ಷದ ಅಭ್ಯಾಸ, ಕೈ ತಾನಾಗಿಯೇ ಹಸಿರಿಗೆ ಹೋಯಿತು. ಎರಡು ನಿಮಿಷದಲ್ಲಿ ಮರ ಎದ್ದಿತು, ಬಿಸಿಲು ಸತ್ತಿತು. ನೀರು ಚಿಮುಕಿಸಿದ ಯಾವ ಲಾವಂಚದ ತಟ್ಟಿಯಿಂದಲೂ ಆಗದ ಕೆಲಸ ನನ್ನೊಂದು ಮಾತಿನಿಂದ ಆಯಿತು.

"ಬರೋಬರ್ ಆತೇನ್ರಿ?"

"ಆಯಿತು, ಸಹಿ ಹಾಕಿ."

ಅವರು ಕುಂಚವನ್ನು ನನ್ನತ್ತ ಚಾಚಿದರು. "ಗಿಡಾ ನಿಮ್ದು. ಸಹೀನೂ ನೀವ ಹಾಕ್ರಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಅಧ್ಯಕ್ಷನ ಗತ್ತಿನಲ್ಲಿ ಒಂದು ಮಾತು ಅನ್ನುತ್ತಿದ್ದೆ. ಅವರು ಬರೀ ದಣಿದಿದ್ದರು. ನನಗೆ ನಾಚಿಕೆಯಾಯಿತು, ಸುಮ್ಮನೆ ಹೇಳುತ್ತಿಲ್ಲ, ಮುಖ ಎತ್ತಲಾರದಷ್ಟು ನಾಚಿಕೆಯಾಯಿತು. ಪಕ್ಕದಲ್ಲಿ ಟರ್ಪಂಟೈನಿನಲ್ಲಿ ನೆನೆದ ಚಿಂದಿ ಬಿದ್ದಿತ್ತು. ಅಡಿಯ ಬಣ್ಣ ಎಂದೋ ಒಣಗಿತ್ತು. ಮರ ಮಾತ್ರ ಹಸಿ. ಚಿಂದಿ ಎತ್ತಿಕೊಂಡು ಕೊಂಬೆಯಿಂದ ಬುಡದವರೆಗೆ ಒರೆಸಿ ಹಾಕಿದೆ. ದೇಸಾಯರು ಬಗ್ಗಿ, ಆ ಮೂಲೆಯಲ್ಲೇ ತಮ್ಮ ಹೆಸರು ಬರೆದರು.

ಒಂದು ಮರವೂ ಇಲ್ಲದ ಅಪೂರ್ಣ ಚಿತ್ರವನ್ನು ಸಾಹೇಬರಿಗೆ ಹೇಗೆ ಕೊಡುವುದೆಂದು ಸಂಘದವರು ನನ್ನನ್ನು ಚೆನ್ನಾಗಿ ಉಗಿದರು. ಸಾಹೇಬರಿಗೆ ಶಾಲು ಹೊದಿಸಿ ಕಳಿಸಿದೆವು, ನನ್ನ ಅಧ್ಯಕ್ಷಗಿರಿಯೂ ಹೋಯಿತು. ಕಲೆಗೆ ನನ್ನಿಂದಾದ ಸೇವೆ ಆ ಒರೆಸಿದ್ದೊಂದೇ. ಚಿತ್ರವನ್ನು ದೇಸಾಯರು ನನಗೇ ಕೊಟ್ಟರು; ಅದೀಗ ನಮ್ಮ ನಡುಮನೆಯಲ್ಲಿದೆ. ಬಂದವರೆಲ್ಲ ನೋಡಿ, "ಇದಿನ್ನೂ ಮುಗಿದಿಲ್ವಾ?" ಎಂದು ಕೇಳುತ್ತಾರೆ. ಕೇಳಿ, ಕುರ್ಚಿಯಲ್ಲಿ ಕೂತು, ಒಂದು ಲೋಟ ನೀರು ಬೇಡುತ್ತಾರೆ.