ಬ್ರೇಕ್ ಮೇಷ್ಟ್ರು ಬುಕ್ ಮಾಡಿದ ಕಾರು

ಬ್ರೇಕ್ ಮೇಷ್ಟ್ರು ಮೂವತ್ತೊಂದು ವರ್ಷ ಕಾರಿನೊಳಗೇ ಕಳೆದರೂ ಸ್ಟೀರಿಂಗ್ ಹಿಡಿದದ್ದು ಕಡಿಮೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವರ ಜಾಗ ಪಕ್ಕದ ಸೀಟು. ಅಲ್ಲಿ ಅವರ ಕಾಲ ಬುಡದಲ್ಲೂ ಒಂದು ಬ್ರೇಕು. ಕಲಿಯುವವರು ಕಂಬಕ್ಕೋ ಗೋಡೆಗೋ ಮುತ್ತಿಡಲು ಹೊರಟಾಗ ಅದನ್ನು ತುಳಿಯುವುದೇ ಅವರ ಉದ್ಯೋಗ. ಊರಿನಲ್ಲಿ ಗಾಡಿ ಓಡಿಸುವ ಅರ್ಧಕ್ಕರ್ಧ ಜನ ಅವರ ಬೈಗುಳ ತಿಂದೇ ಲೈಸೆನ್ಸ್ ಪಡೆದವರು. ಅವರ ಹೆಸರು ಎಲ್ಲರಿಗೂ ಮರೆತುಹೋಗಿ ಬ್ರೇಕ್ ಮೇಷ್ಟ್ರು ಅನ್ನುವುದಷ್ಟೇ ಉಳಿದಿತ್ತು. ಇಷ್ಟಾಗಿಯೂ ಸ್ವಂತಕ್ಕೊಂದು ಕಾರಿರಲಿಲ್ಲ. ಸಂಜೆ ಸ್ಕೂಲಿನ ಕಾರನ್ನು ಶೆಡ್ಡಿನಲ್ಲಿ ಬಿಟ್ಟು, ಬೀಗ ಹಾಕಿ, ಬಸ್ಸು ಹತ್ತಿ ಮನೆಗೆ ಬರುತ್ತಿದ್ದರು.

ಒಂದು ಭಾನುವಾರ ಮೊಬೈಲಿನಲ್ಲಿ ಆ ಹೊಸ ಎಲೆಕ್ಟ್ರಿಕ್ ಕಾರಿನ ಸುದ್ದಿ ನೋಡಿದರು. ಚಿಕ್ಕ ಕಾರು, ತಿಳಿ ನೀಲಿ ಬಣ್ಣ. ಕ್ಲಚ್ಚಿಲ್ಲ, ಗೇರಿಲ್ಲ, ಸದ್ದಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಸಮುದ್ರ ತೀರದವರೆಗೆ ಹೋಗಿ ವಾಪಸ್ ಬರಬಹುದಂತೆ. ಜೂನ್ ತಿಂಗಳಲ್ಲಿ ಬಿಡುಗಡೆ. ಬೆಲೆ ಅವರ ಕೈಗೆಟುಕುವಷ್ಟೇ. ಆ ಬೆಲೆಯ ತಲೆಯ ಮೇಲೊಂದು ಪುಟ್ಟ ನಕ್ಷತ್ರದ ಗುರುತಿತ್ತು. ಅದನ್ನು ಅವರು ಗಮನಿಸಲಿಲ್ಲ.

"ಗೇರು ಕರಕರ ಅನ್ನೋದು ಕೇಳಿ ಕೇಳಿ ನನ್ನ ಹಲ್ಲೇ ಸವೆದುಹೋಗಿದೆ ಕಣೇ," ಅಂದರು ಹೆಂಡತಿಗೆ. "ಇದರಲ್ಲಿ ಗೇರೇ ಇಲ್ಲ ನೋಡು!"

ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತಿದ್ದಳು. ಹಲ್ಲಿನ ನಡುವೆ ಕಚ್ಚಿದ್ದ ಗುಂಡುಸೂಜಿ ತೆಗೆದು, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಬೇಡಿ ಅಂದ್ರೆ ನೀವು ಕೇಳ್ತೀರಾ? ಬುಕ್ ಮಾಡಿ," ಅಂದಳು. ಮೇಷ್ಟ್ರು ಅವತ್ತೇ ಮುಂಗಡ ಕಟ್ಟಿದರು. ಕಂಪನಿಯವರು ಕೇಳಿದ ಮೊಬೈಲ್ ನಂಬರಿನ ಜಾಗದಲ್ಲಿ ಹೆಂಡತಿಯ ನಂಬರನ್ನೂ ಸೇರಿಸಿದರು.

ಜೂನ್ ಬಂತು, ಕಾರು ಬರಲಿಲ್ಲ. ಸೆಪ್ಟೆಂಬರ್ ಅಂದರು. ಸೆಪ್ಟೆಂಬರಿನಲ್ಲಿ, ವರ್ಷದ ಕೊನೆಯೊಳಗೆ ಖಂಡಿತ ಅಂದರು. ಪ್ರತಿ ಸಲವೂ ಮೊಬೈಲಿಗೆ ಒಂದೇ ಸಂದೇಶ: ನಿಮ್ಮ ತಾಳ್ಮೆಗೆ ಧನ್ಯವಾದಗಳು.

"ನಾನೆಲ್ಲಿ ತಾಳ್ಮೆ ತೋರಿಸಿದೆ? ಇವರೇ ಕಿತ್ಕೊಂಡು ಇವರೇ ಥ್ಯಾಂಕ್ಸ್ ಹೇಳ್ತಿದಾರೆ," ಎಂದು ಶೋರೂಮಿಗೆ ಫೋನ್ ಮಾಡಿದರೆ, ಅಲ್ಲಿನ ಹುಡುಗಿ ಮೆತ್ತಗೆ, "ಸರ್, ನಮಗೂ ಅಷ್ಟೇ ಗೊತ್ತಿರೋದು. ಡೆಮೊ ಗಾಡಿ ಕೂಡ ನಮ್ಮ ಹತ್ರ ಇಲ್ಲ ಸರ್," ಅನ್ನುತ್ತಿದ್ದಳು. ಅವಳ ಮೇಲೆ ರೇಗಲು ಮೇಷ್ಟ್ರಿಗೆ ಮನಸ್ಸಾಗುತ್ತಿರಲಿಲ್ಲ. ಮೂಗಿಗೆ ತುಪ್ಪ ಸವರುವವರು ಎಲ್ಲೋ ಮೇಲೆ ಕೂತಿದ್ದರು. ಈ ಹುಡುಗಿಯ ಕೈಯಲ್ಲಿ ತುಪ್ಪದ ಬಟ್ಟಲೂ ಇರಲಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳಿಗೆ ಕಲಿಸುತ್ತಿದ್ದರು. ರಸ್ತೆ ಖಾಲಿಯೆಂದೇ ಅವರು ತಿಳಿದಿದ್ದರು. ಆಕೆ ಇದ್ದಕ್ಕಿದ್ದಂತೆ ಬ್ರೇಕ್ ಒತ್ತಿದಳು. ಕಾರಿನ ಮೂತಿಯ ಮುಂದೆ ಒಂದು ಸೈಕಲ್ಲು, ಸೈಕಲ್ಲಿನ ಮೇಲೆ ಬಿಳಿಚಿಕೊಂಡ ಒಬ್ಬ ಮುದುಕ.

"ಸರ್, ನೀವು ನೋಡ್ಲಿಲ್ವಾ?" ಅಂದಳು ಆಕೆ. ಬೈಯುವ ದನಿಯಲ್ಲ ಅದು, ಆಶ್ಚರ್ಯದ್ದು.

ಮೇಷ್ಟ್ರ ಕಾಲು ಬ್ರೇಕಿನ ಮೇಲೇ ಇತ್ತು. ಆದರೆ ತುಳಿದಿರಲಿಲ್ಲ. ಆ ಸೈಕಲ್ಲು ಪಕ್ಕದಿಂದ ಬಂದದ್ದೇ ಅವರಿಗೆ ಕಂಡಿರಲಿಲ್ಲ.

ಮರುದಿನ ಯಾರಿಗೂ ಹೇಳದೆ ಕಣ್ಣಾಸ್ಪತ್ರೆಗೆ ಹೋದರು. ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು, ಒಂದು ಕಣ್ಣು ಮುಚ್ಚಿ, ಬೆಳಕಿನ ಚುಕ್ಕಿ ಮಿಂಚಿದಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ಕಂಡ ಒಂದು ಚುಕ್ಕಿಯನ್ನೂ ಅವರು ಬಿಡಲಿಲ್ಲ. ಚೆನ್ನಾಗಿಯೇ ಮಾಡಿದೆ ಅಂದುಕೊಂಡರು. ಹೊರಬಂದ ಕಾಗದದಲ್ಲಿ ನಡುವೆ ಸ್ವಲ್ಪ ಬೆಳ್ಳಗಿತ್ತು. ಸುತ್ತಲೂ ಇದ್ದಿಲು ಬಳಿದಂತೆ ಕಪ್ಪು.

"ಕಣ್ಣಿನೊಳಗಿನ ಒತ್ತಡದಿಂದ ನರ ಸವೆದಿದೆ," ಅಂದರು ಡಾಕ್ಟರಮ್ಮ. "ಎದುರಿಗಿರೋದು ಕಾಣತ್ತೆ, ಪಕ್ಕದ್ದು ಕಾಣಲ್ಲ. ಹೋಗಿರೋದು ವಾಪಸ್ ಬರಲ್ಲ. ಉಳಿದಿರೋದನ್ನ ಈ ಡ್ರಾಪ್ಸ್ ಹಾಕಿ ಉಳಿಸ್ಕೋಬೇಕು. ನೀವೇನು ಕೆಲಸ ಮಾಡ್ತೀರಿ?"

ಮೇಷ್ಟ್ರು ಹೇಳಿದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಇನ್ನು ಗಾಡಿ ಮುಟ್ಟಬಾರದು. ಓಡಿಸೋದೂ ಬೇಡ, ಕಲಿಸೋದೂ ಬೇಡ," ಅಂದರು.

ಸ್ಕೂಲಿಗೆ ಮಂಡಿನೋವು ಅಂತ ಹೇಳಿ ಕೆಲಸ ಬಿಟ್ಟರು. ಮನೆಯಲ್ಲೂ ಅದೇ ಮಂಡಿ. ಕಣ್ಣಿನ ಡ್ರಾಪ್ಸ್ ಏನಕ್ಕೆಂದು ಕೇಳಿದ ಹೆಂಡತಿಗೆ ಧೂಳಿಗೆ ಅಂದರು. ನಿಜ ಹೇಳಬೇಕೆಂದು ದಿನಾ ಬಾಯಿ ತೆರೆಯುವುದು, ಅಷ್ಟರಲ್ಲಿ ಆಕೆ, "ಕಾರು ಬಂದ್ಮೇಲೆ ಮೊದಲು ಸಮುದ್ರಕ್ಕೇ ತಾನೇ?" ಅನ್ನುವುದು, ಇವರು ಹೂಂ ಅಂದು ಬಾಯಿ ಮುಚ್ಚುವುದು. ಪಾರ್ಕಿಂಗ್ ಜಾಗ ಅಳೆಯಲು ಆಕೆ ಹೊಲಿಗೆಯ ಟೇಪನ್ನೇ ತೆಗೆದುಕೊಂಡು ಹೋಗಿದ್ದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ತನಗಾಗಿ ಒಂದು ದಿನವೂ ಏನನ್ನೂ ಕೇಳದ ಹೆಂಗಸು.

ಈಗ ಕಂಪನಿಯ ಸಂದೇಶ ಬಂದರೆ ಮೇಷ್ಟ್ರ ಎದೆ ಹಗುರಾಗುತ್ತಿತ್ತು. ಇನ್ನೂ ಎರಡು ತಿಂಗಳು ತಡ. ಇನ್ನೂ ಮೂರು ತಿಂಗಳು. ಮೊದಲು ಯಾವ ತಡಕ್ಕೆ ಹಲ್ಲು ಕಡಿದಿದ್ದರೋ ಅದರ ನೆರಳಲ್ಲೇ ಈಗ ದಿನ ದೂಡುತ್ತಿದ್ದರು.

ಫೆಬ್ರವರಿಯಲ್ಲಿ ಕೊನೆಗೂ ಅಂತಿಮ ಬೆಲೆ ಪ್ರಕಟವಾಯಿತು. ಬ್ಯಾಟರಿ ದುಬಾರಿಯಾಗಿದೆಯೆಂದು, ಮೊದಲು ಹೇಳಿದ್ದಕ್ಕಿಂತ ಎಂಟನೇ ಒಂದು ಪಾಲು ಏರಿಸಿದ್ದರು. ಒಪ್ಪಿಗೆಯಿದ್ದರೆ ಏಳು ದಿನದೊಳಗೆ ತಿಳಿಸಿ, ಇಲ್ಲವಾದರೆ ಬುಕಿಂಗ್ ತಾನಾಗಿಯೇ ರದ್ದು, ಮುಂಗಡ ವಾಪಸ್. ಮೇಷ್ಟ್ರಿಗೆ ಕಟ್ಟಿದ ಉಸಿರು ಬಿಟ್ಟಂತಾಯಿತು. ತಾನೇನೂ ಮಾಡಬೇಕಿಲ್ಲ. ಸುಮ್ಮನಿದ್ದರೆ ಸಾಕು, ಬೆಲೆ ಜಾಸ್ತಿಯಾಯ್ತು, ಕೈಬಿಟ್ಟೆ ಅಂದರಾಯಿತು. ಕಣ್ಣಿನ ಮಾತು ಆಮೇಲೆ ನೋಡಿದರಾಯಿತು.

ಆರು ದಿನ ಸುಮ್ಮನಿದ್ದರು. ಏಳನೆಯ ದಿನ ಮಧ್ಯಾಹ್ನ ಹೆಂಡತಿ ಊಟಕ್ಕೆ ಬಡಿಸುತ್ತ ನಕ್ಕಳು.

"ನೀವು ಒಳಗೊಳಗೇ ಸಂಕಟಪಡ್ತಿರೋದು ನಂಗೆ ಗೊತ್ತಾಗಲ್ವಾ? ನನ್ನ ಮೊಬೈಲಿಗೂ ಬಂತು ಮೆಸೇಜು. ಒಪ್ಪಿಗೆ ಅಂತ ಒತ್ತಿಬಿಟ್ಟೆ. ಹೆಚ್ಚಿಗೆ ಕೇಳಿದ್ದಕ್ಕೆ ನನ್ನ ಹೊಲಿಗೆ ದುಡ್ಡಿದೆ. ತೆಪ್ಪಗೆ ಊಟ ಮಾಡಿ."

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ ಆಕೆಯ ಮುಖ ಬೆಳಗುತ್ತಿತ್ತು. ಮೇಷ್ಟ್ರು ಅನ್ನ ಕಲಸುತ್ತಲೇ ಇದ್ದರು. ತಿನ್ನಲಿಲ್ಲ, ಹೇಳಲೂ ಇಲ್ಲ. ಹೇಗೂ ಕಾರು ಬರಲು ಇನ್ನಾರು ತಿಂಗಳು ಬೇಕಲ್ಲ, ಅಂದುಕೊಂಡರು.

ತಿಂಗಳುಗಟ್ಟಲೆ ತಡಮಾಡಿದ ಕಂಪನಿ ಈ ಸಲ ಮೂರೇ ವಾರದಲ್ಲಿ ಕಾರು ಕಳಿಸಿತು.

ಶೋರೂಮಿನ ಹುಡುಗಿ ಮೇಷ್ಟ್ರಿಗಿಂತ ಹೆಚ್ಚು ಸಂಭ್ರಮದಲ್ಲಿದ್ದಳು. "ಸರ್, ನಮ್ಮಲ್ಲಿಗೆ ಬಂದ ಮೊದಲನೇ ಗಾಡಿ ನಿಮ್ದೇ!" ಎಂದು ಕೀಲಿ ಕೊಟ್ಟು ಫೋಟೋ ತೆಗೆದಳು. ಹೆಂಡತಿ ಆಗಲೇ ಪಕ್ಕದ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡಿದ್ದಳು.

"ಹತ್ರೀ, ಇನ್ನೇನು ನೋಡ್ತಿದೀರಿ?"

ಮೇಷ್ಟ್ರು ಡ್ರೈವರ್ ಸೀಟಿನಲ್ಲಿ ಕೂತರು. ಎದುರಿನ ಗಾಜಿನಲ್ಲಿ ಹೊರಗಿನ ರಸ್ತೆ ಕಾಣುತ್ತಿತ್ತು, ಕೊಳವೆಯೊಳಗಿಂದ ನೋಡಿದ ಹಾಗೆ. ಅದರ ಅಕ್ಕಪಕ್ಕ ಏನಿದೆಯೋ ಯಾರಿದ್ದಾರೋ. ಪಕ್ಕದಲ್ಲಿದ್ದ ಹೆಂಡತಿಯನ್ನು ನೋಡಲೂ ಪೂರ್ತಿ ಕತ್ತು ತಿರುಗಿಸಬೇಕಾಯಿತು.

"ನಂಗೆ ಓಡ್ಸೋಕಾಗಲ್ಲ," ಅಂದರು. "ಮಂಡಿ ಅಲ್ಲ ಕಣೇ. ಕಣ್ಣು."

ಒಂದೇ ಉಸಿರಿನಲ್ಲಿ ಎಲ್ಲ ಹೇಳಿದರು. ಸೈಕಲ್ಲು, ಬಿಳಿ ಬೋಗುಣಿ, ಕಪ್ಪು ಕಾಗದ. ಹೆಂಡತಿ ಕೈಚೀಲದ ಹಿಡಿಯನ್ನು ಹಿಂಡುತ್ತ ಕೇಳಿದಳು. "ಹಲ್ಲಿದ್ದಾಗ ಕಡಲೆ ಇಲ್ಲ..." ಎಂದು ಶುರುಮಾಡಿ, ಗಾದೆಯನ್ನು ಅರ್ಧಕ್ಕೇ ಬಿಟ್ಟಳು.

ಆಮೇಲೆ ಕೇಳಿದಳು: "ನಾಲ್ಕು ತಿಂಗಳು ಒಬ್ರೇ ಹೊತ್ಕೊಂಡಿದ್ರಾ? ನಾನೇನು ಪಕ್ಕದ್ಮನೆಯವಳಾ?"

ಶೋರೂಮಿನ ಡ್ರೈವರೊಬ್ಬ ಬಂದು ಅವರಿಬ್ಬರನ್ನೂ ಹಿಂದೆ ಕೂರಿಸಿಕೊಂಡು ಮನೆಗೆ ಬಿಟ್ಟ. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಕಾರಿಗೂ ಸದ್ದಿರಲಿಲ್ಲವಾದ್ದರಿಂದ ಆ ಮೌನ ಇನ್ನಷ್ಟು ದೊಡ್ಡದಾಗಿ ಕೇಳುತ್ತಿತ್ತು.

ಕಾರು ಮಾರೋಣ ಅಂದರು ಮೇಷ್ಟ್ರು. ಆಕೆ ಕೀಲಿಯನ್ನು ಹೊಲಿಗೆ ಯಂತ್ರದ ಡ್ರಾಯರಿಗೆ ಹಾಕಿದಳು. ಹತ್ತು ದಿನ ಕಾರು ಕಟ್ಟಡದ ಕೆಳಗೆ ನಿಂತೇ ಇತ್ತು. ಮೇಲಿನ ಮನೆಯವರು, "ಏನ್ ಮೇಷ್ಟ್ರೇ, ಒಂದು ರೌಂಡೂ ಇಲ್ವಾ?" ಎಂದು ಕೇಳಿದಾಗಲೆಲ್ಲ ಮೇಷ್ಟ್ರು ನಕ್ಕಂತೆ ಮಾಡಿ ಮೆಟ್ಟಿಲು ತಡವಿಕೊಂಡು ಹತ್ತುತ್ತಿದ್ದರು.

ಹನ್ನೊಂದನೆಯ ದಿನ ಹೆಂಡತಿ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಮೇಷ್ಟ್ರ ಹಳೆಯ ಸ್ಕೂಲಿಗೇ. ಕಲಿಸುವವನು ಮೇಷ್ಟ್ರ ಕೈಕೆಳಗೇ ಪಳಗಿದವನು. ಊರಿಗೆಲ್ಲ ಕಲಿಸಿದ ಮನುಷ್ಯ, ತನ್ನ ಹೆಂಡತಿಯನ್ನು ಬೆಳಿಗ್ಗೆ ಏಳಕ್ಕೆ ಇನ್ನೊಬ್ಬನ ಪಕ್ಕದಲ್ಲಿ ಕಲಿಯಲು ಕಳಿಸಿ ಕಿಟಕಿಯ ಬಳಿ ಕೂರುತ್ತಿದ್ದರು. ವಾಪಸ್ ಬಂದಾಗ ಆಕೆಯ ಕುಪ್ಪಸದ ಬೆನ್ನು ಬೆವರಿನಿಂದ ಒದ್ದೆ. "ಬೈತಾನಾ?" ಎಂದು ಕೇಳಿದರೆ, "ಇಲ್ಲ, ಪಾಪ. ನೀವು ಹೇಳ್ಕೊಟ್ಟಿದ್ದನ್ನೇ ಹೇಳ್ಕೊಡ್ತಾನಂತೆ," ಅನ್ನುತ್ತಿದ್ದಳು. ಆ ಮಾತಿಗೆ ಮೇಷ್ಟ್ರಿಗೆ ಹೆಮ್ಮೆಯೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಎದ್ದು ಹೋಗಿ ಕಣ್ಣಿಗೆ ಡ್ರಾಪ್ಸ್ ಹಾಕಿಕೊಂಡರು.

ಲೈಸೆನ್ಸ್ ಬಂದ ಮೇಲೆ ಆಕೆ ಮೊದಲು ಹೋದದ್ದು ಸಮುದ್ರಕ್ಕಲ್ಲ, ಕಣ್ಣಾಸ್ಪತ್ರೆಗೆ; ಮೇಷ್ಟ್ರ ಮೂರು ತಿಂಗಳಿಗೊಮ್ಮೆಯ ತಪಾಸಣೆಯ ದಿನ ಅದು. ಇಬ್ಬರೂ ಮೈಯೆಲ್ಲ ಬಿಗಿಹಿಡಿದು ಕೂತಿದ್ದರು. ನಾಲ್ಕು ರಸ್ತೆ ಸೇರುವಲ್ಲಿ ಆಕೆ ಕಾರು ನಿಲ್ಲಿಸಿದಳು. ಹಿಂದಿನವರು ಹಾರ್ನ್ ಬಜಾಯಿಸತೊಡಗಿದರು.

"ರೀ, ನಿಮ್ಮ ಕಡೆಯಿಂದ ಯಾರಾದ್ರೂ ಬರ್ತಿದಾರಾ ನೋಡಿ!"

ಮೇಷ್ಟ್ರು ಕತ್ತು ತಿರುಗಿಸಿದರು. ಒಂದು ಗೋಡೆ ಕಂಡಿತು, ಗೋಡೆಯ ಮೇಲಿನ ಜಾಹೀರಾತಿನ ಅರ್ಧ ಕಂಡಿತು.

"ನಂಗೆ ಗೊತ್ತಾಗ್ತಿಲ್ಲ ಕಣೇ," ಅಂದರು. "ನೀನೇ ನೋಡ್ಕೋ."

ಆಕೆ ಮುಂದಕ್ಕೆ ಬಾಗಿ, ಅವರನ್ನು ದಾಟಿ ಆಚೆ ನೋಡಿ, ನಿಧಾನವಾಗಿ ಕಾರನ್ನು ಮುಂದಕ್ಕೆ ಬಿಟ್ಟಳು.